ಮುಂದಿನ ಎರಡು ಗಾಲಿಗಳ ಚಳಿಗಾಲ

ಕಳೆದ ವಾರ ಮಗಳ ಕಾರಿನ ಗಾಲಿಗೆ ಮೊಳೆ ಹೊಕ್ಕಿತೆಂದು ಐರ್ಲೆಂಡಿನ ಬ್ಲಾಂಚರ್ಡ್ಸ್‌ಟೌನಿನ ಟೈರ್ ಅಂಗಡಿಗೆ ಹೋಗಿದ್ದೆ. ಅರ್ಧ ಎತ್ತಿದ ಷಟರಿನ ಕೆಳಗೆ ತಲೆ ತಗ್ಗಿಸಿ ಒಳಗೆ ಕಾಲಿಟ್ಟೊಡನೆ ಹೊಸ ರಬ್ಬರು, ರಿಮ್ಮಿಗೆ ಬಳಿಯುವ ಸೋಪು, ಒದ್ದೆ ಕಾಂಕ್ರೀಟು ಇವುಗಳ ವಾಸನೆ ಒಟ್ಟಾಗಿ ಮೂಗಿಗೆ ಅಡರಿ, ಮೂರು ವರ್ಷಗಳ ಹಿಂದಿನ ಒಂದು ಚಳಿಗಾಲ ಅಪ್ಪಣೆ ಕೇಳದೆ ಎದುರು ಬಂದು ನಿಂತಿತು. ಆ ಚಳಿಗಾಲವನ್ನು ನೆನೆಯುವುದು ನನಗೆ ಇಷ್ಟವಿಲ್ಲ. ಆದರೆ ಅದನ್ನು ಇತರರು ಹೇಳುವ ರೀತಿ ಅದಕ್ಕಿಂತಲೂ ಇಷ್ಟವಿಲ್ಲ. ನನ್ನ ಅಳಿಯ ಇಮ್ತಿಯಾಜ್ ಮನೆಗೆ ಬಂದವರೆದುರು ಅದನ್ನು ಎರಡು ವಾಕ್ಯಗಳಲ್ಲಿ ಮುಗಿಸಿ ನಗಿಸುತ್ತಾನೆ. ‘ಮಾವ ಟೈರನ್ನ ಉಲ್ಟಾ ಹಾಕ್ಸಿದ್ರು. ಅವ್ರಿಗೆ ಬೇಜಾರಾಗ್ದೆ ಇರ್ಲಿ ಅಂತ ಗೊತ್ತಾಗ್ದಂಗೆ ಸರಿ ಮಾಡ್ಸಿದ್ವಿ.’ ಎರಡು ವಾಕ್ಯಗಳಲ್ಲಿ ಮುಗಿಯುವ ಸಂಗತಿ ಅದಲ್ಲ. ಮೇಲಾಗಿ ಅವನ ಎರಡನೆಯ ವಾಕ್ಯ ತಪ್ಪು.

ನಾನು ಹುಬ್ಬಳ್ಳಿಯವನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಟೈರ್ ರಿಟ್ರೀಡಿಂಗ್ ಕಾರ್ಖಾನೆ ಸೇರಿದೆ. ಸವೆದ ಟೈರಿನ ಮೈ ಕೆರೆದು, ಹೊಸ ರಬ್ಬರಿನ ಪಟ್ಟಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಮತ್ತೊಮ್ಮೆ ರಸ್ತೆಗೆ ಕಳಿಸುವ ಆ ಕೆಲಸವನ್ನು ಸುಮಾರು ನಲವತ್ತು ವರ್ಷ ಮಾಡಿದೆ. ಇಂಗ್ಲಿಷ್ ಅಕ್ಷರಗಳನ್ನು ನಾನು ಕಲಿತದ್ದು ಪಾಟಿಯ ಮೇಲಲ್ಲ, ಟೈರಿನ ಪಕ್ಕೆಯ ಮೇಲೆ ಉಬ್ಬಿ ನಿಂತ ಬರಹವನ್ನು ಬೆರಳಿನಿಂದ ತಡವಿ. ಉಳಿದ ವಿದ್ಯೆಯೆಲ್ಲ ಸಾರ್ವಜನಿಕ ಗ್ರಂಥಾಲಯದ ಬೆಂಚಿನಲ್ಲಿ ಆದದ್ದು. ಹೀಗೆ ಕಲಿತವನಿಗೆ ಒಂದು ದುರಭ್ಯಾಸ ಅಂಟಿಕೊಳ್ಳುತ್ತದೆ: ಯಾರಾದರೂ ಒಂದು ಮಾತು ಹೇಳಿದರೆ, ‘ನೀವು ನೋಡಿದ್ದೀರಾ, ಇಲ್ಲ ಕೇಳಿದ್ದೀರಾ?’ ಎಂದು ಕೇಳದೆ ಇರಲಾಗುವುದಿಲ್ಲ. ಇದರಿಂದ ನಾನು ಕಳೆದುಕೊಂಡ ಸ್ನೇಹಿತರ ಸಂಖ್ಯೆ ಸಣ್ಣದಲ್ಲ.

ಹೆಂಡತಿ ತೀರಿಕೊಂಡ ಮೇಲೆ ಮಗಳು ರೇಷ್ಮಾ ನನ್ನನ್ನು ಐರ್ಲೆಂಡಿಗೆ ಕರೆಸಿಕೊಂಡಳು. ಅವಳು ಬ್ಯೂಮಾಂಟ್ ಆಸ್ಪತ್ರೆಯಲ್ಲಿ ನರ್ಸು. ಅಳಿಯ ಬೆಂಗಳೂರಿನವನು, ಸ್ಯಾಂಡಿಫರ್ಡಿನ ಒಂದು ಕಚೇರಿಯಲ್ಲಿ ಸಾಫ್ಟ್‌ವೇರ್ ಕೆಲಸ. ಬಸ್ಸು, ಆಮೇಲೆ ಲುವಾಸ್ ಟ್ರಾಮು ಹಿಡಿದು ಹೋಗಿಬರುತ್ತಾನೆ. ಹೀಗಾಗಿ ಕಾರು ರೇಷ್ಮಾಳದು. ಬೆಳಗಿನ ಪಾಳಿ ಇದ್ದ ದಿನ ಆರೂ ನಲವತ್ತಕ್ಕೆ, ಇನ್ನೂ ಕತ್ತಲಿರುವಾಗಲೇ, ಅವಳು ಒಬ್ಬಳೇ ಮನೆ ಬಿಡುತ್ತಿದ್ದಳು. ಅಡುಗೆ ನನಗೆ ಬಾರದು, ಗಾರ್ಡನ್ನು ಇಲ್ಲಿನ ಮಳೆಯೇ ನೋಡಿಕೊಳ್ಳುತ್ತದೆ. ಮನೆಯಲ್ಲಿ ನನ್ನದೆಂದು ಉಳಿದಿದ್ದ ಒಂದೇ ಇಲಾಖೆ ಆ ಕಾರು. ಮಗಳು ಹೋದ ದಾರಿಯಲ್ಲಿ ಕ್ಷೇಮವಾಗಿ ತಿರುಗಿ ಬರುವಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ ಎಂದು ನಾನೇ ನೇಮಕ ಮಾಡಿಕೊಂಡಿದ್ದೆ.

ಆ ಚಳಿಗಾಲಕ್ಕೆ ಹಿಂದಿನ ಜನವರಿಯಲ್ಲಿ ಒಂದು ಮುಂಜಾನೆ ಆ ಕಾರು ನಮ್ಮ ಬಡಾವಣೆಯ ಇಳಿಜಾರಿನಲ್ಲಿ ಬ್ರೇಕು ಒತ್ತಿದರೂ ನಿಲ್ಲದೆ, ಮದುವಣಗಿತ್ತಿಯಂತೆ ಮೆಲ್ಲಗೆ ಜಾರಿಕೊಂಡು ಹೋಗಿ ಪಕ್ಕದ ಮನೆಯ ಬೇಲಿಗೆ ಒರಗಿ ನಿಂತಿತ್ತು. ಏನೂ ಆಗಲಿಲ್ಲ. ಆದರೆ ಮುಂದಿನ ಚಳಿಗಾಲ ಬರುವುದರೊಳಗೆ ಟೈರಿನ ಪ್ರಶ್ನೆಯನ್ನು ತೀರ್ಮಾನಿಸಬೇಕೆಂದು ನಾನು ಅಂದೇ ನಿಶ್ಚಯಿಸಿದೆ. ಸಾಮಾನ್ಯ ಟೈರು ಸಾಕೆ, ಚಳಿಗಾಲದ ಟೈರೇ ಬೇಕೆ, ಅಥವಾ ವರ್ಷಪೂರ್ತಿಗೆಂದು ಮಾರುವ ಆಲ್-ಸೀಸನ್ ಟೈರೆ? ಕೇಳಿದರೆ ಸರಳ ಪ್ರಶ್ನೆ. ಈ ದೇಶದಲ್ಲಿ ಅದನ್ನು ಕೇಳಿ ನೋಡಬೇಕು.

ಬೇಲಿಯ ಒಡತಿ ಬ್ರೀಡ್ ಎಂಬ ಮುದುಕಿಯನ್ನು ಮೊದಲು ಕೇಳಿದೆ. ನಲವತ್ತು ವರ್ಷದಿಂದ ಕಾರು ಓಡಿಸುತ್ತಿರುವಾಕೆ. ಹಿಮಗಟ್ಟಿದ ಗಾಜಿನ ಮೇಲೆ ಕೆಟಲಿನ ನೀರು ಸುರಿದು ಹೊರಡುವಾಕೆ.

‘ಅಯ್ಯೋ, ಇಲ್ಲೆಲ್ಲಿ ಹಿಮ ಬೀಳತ್ತೆ? ನಲವತ್ತು ವರ್ಷದಿಂದ ಅದೇ ಟೈರಲ್ಲೇ ಓಡಿಸ್ತಿದ್ದೀನಿ. ನಿಮ್ಮ ಮಗಳಿಗೇನೂ ಆಗಲ್ಲ, ಶೀ’ಲ್ ಬಿ ಗ್ರ್ಯಾಂಡ್!’

‘ನಲವತ್ತು ವರ್ಷದಿಂದ ಅದೇ ಟೈರೇ?’ ಎಂದು ನಾನು ಗಾಬರಿಯಿಂದಲೇ ಕೇಳಿದೆ. ನಾನು ತಮಾಷೆ ಮಾಡಿದೆನೆಂದು ತಿಳಿದು ಆಕೆ ತುಂಬ ಹೊತ್ತು ನಕ್ಕಳು.

ಅಳಿಯನ ಸಹೋದ್ಯೋಗಿ ಶ್ರೀವತ್ಸ, ಮೈಸೂರಿನ ಹುಡುಗ, ಲ್ಯಾಪ್‌ಟಾಪ್ ತೆರೆದು ಹನ್ನೊಂದು ಕಾಲಮ್ಮುಗಳ ಒಂದು ಕೋಷ್ಟಕ ತೋರಿಸಿದ. ‘ಆಲ್-ಸೀಸನ್ನೇ ಬೆಸ್ಟು ಅಂಕಲ್. ರಿವ್ಯೂ ನೋಡಿ, ನಾಲ್ಕೂವರೆ ಸ್ಟಾರ್.’

‘ನೀವ್ ಯಾವ ಟೈರ್ ಹಾಕೀರಿ?’

‘ನಾನಾ? ನಂಗೆ ಕಾರೇ ಇಲ್ಲ ಅಂಕಲ್. ಲುವಾಸಲ್ಲಿ ಓಡಾಡ್ತೀನಿ.’

ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಅಳಿಯನಿಂದ ಪ್ರಶ್ನೆ ಹಾಕಿಸಿದೆ. ಒಬ್ಬರು ಚಳಿಗಾಲದ ಟೈರು ಬೇಸಿಗೆಯಲ್ಲಿ ಬೆಣ್ಣೆಯಂತೆ ಕರಗುತ್ತದೆ ಎಂದರು. ಇನ್ನೊಬ್ಬರು, ಸ್ವೀಡನ್ನಿನಲ್ಲಿರುವ ತಮ್ಮ ಭಾವಮೈದ ಅದಿಲ್ಲದೆ ಹಾಲು ತರಲೂ ಹೋಗುವುದಿಲ್ಲ ಎಂದರು. ಆಲ್-ಸೀಸನ್ ಟೈರೆಂದರೆ ಎರಡು ಕಾಲಕ್ಕೂ ಆಗದ ಟೈರು ಎಂದು ಮೂರನೆಯವರು ಬರೆದರು. ಕೆಳಗೆ ಹದಿನೆಂಟು ಜನ ಹೆಬ್ಬೆರಳು ಎತ್ತಿದರು. ಆ ಹದಿನೆಂಟರಲ್ಲಿ ಒಬ್ಬರೂ ಆಲ್-ಸೀಸನ್ ಟೈರನ್ನು ಓಡಿಸಿದವರಲ್ಲ. ನಾನು ಒಬ್ಬೊಬ್ಬರನ್ನೇ ಕೇಳಿ ತಿಳಿದುಕೊಂಡೆ. ಕೊನೆಗೆ ಗುಂಪಿನ ನಿರ್ವಾಹಕರು ಅಳಿಯನಿಗೆ ಫೋನ್ ಮಾಡಿ, ‘ನಿಮ್ಮ ಮಾವನವರಿಗೆ ಸ್ವಲ್ಪ ಹೇಳಿ’ ಎಂದರು. ಇಡೀ ಒಂದು ದೇಶದ ಚಾಲಕರು ಟೈರಿನ ಬಗ್ಗೆ ಖಚಿತವಾದ ಅಭಿಪ್ರಾಯಗಳನ್ನು ಇಟ್ಟುಕೊಂಡು, ಒಬ್ಬರೂ ಟೈರನ್ನು ಮುಟ್ಟಿ ನೋಡದೆ ಬದುಕುತ್ತಿದ್ದಾರಲ್ಲ ಎಂದು ನನಗೆ ಊಟ ರುಚಿಸದಾಯಿತು.

ಎಲ್ಲರೂ ಉರುಹೊಡೆದಂತೆ ಹೇಳುತ್ತಿದ್ದ ಒಂದು ಮಾತೆಂದರೆ ಏಳು ಡಿಗ್ರಿಯದು: ತಾಪಮಾನ ಏಳಕ್ಕಿಂತ ಇಳಿದರೆ ಸಾಮಾನ್ಯ ಟೈರಿನ ರಬ್ಬರು ಗಡುಸಾಗುತ್ತದೆ, ಚಳಿಗಾಲದ ಟೈರಿನದು ಮೆತ್ತಗೇ ಉಳಿಯುತ್ತದೆ. ಏಳೇ ಏಕೆ? ಆರೂವರೆಗೆ ಏನಾಗುತ್ತದೆ? ನಾನು ಟೈರ್ ಅಂಗಡಿಯ ಕಸದ ರಾಶಿಯಿಂದ ಎರಡೂ ಜಾತಿಯ ತುಂಡುಗಳನ್ನು ಕತ್ತರಿಸಿ ತಂದು ಫ್ರಿಜ್ಜಿನಲ್ಲಿಟ್ಟೆ. ಮರುದಿನ ಬೆಳಿಗ್ಗೆ ರೇಷ್ಮಾ ಮೊಸರು ತೆಗೆಯಲು ಹೋದವಳು ಚೀರಿದಳು.

‘ಅಪ್ಪಾ! ಏನಿದು ಕರ್ರಗೆ? ಊಟದ ಜೊತೆ ಟೈರ್ ಇಡ್ತಾರಾ ಯಾರಾದ್ರೂ?’

‘ತೊಳದೇ ಇಟ್ಟೇನಿ, ಸುಮ್ಮನಿರು. ಬಾ ಇಲ್ಲೆ, ಉಗುರಿಲೆ ಒತ್ತಿ ನೋಡು. ಇದು ಸೆಟೆದೈತಿ, ಇದು ಸೆಟೆದಿಲ್ಲ. ಗೊತ್ತಾತು?’

ಅವಳು ಉಗುರಿನಿಂದ ಒತ್ತಿ ನೋಡಿದಳು ಎಂಬುದನ್ನು ಇಲ್ಲಿ ದಾಖಲಿಸಬೇಕು. ಬೈದುಕೊಂಡೇ ಒತ್ತಿದಳು, ಆದರೂ ಒತ್ತಿದಳು. ಏಳು ಡಿಗ್ರಿಯ ಮಾತು ನಿಜವಿರಬಹುದೆಂದು ಒಪ್ಪಿಕೊಂಡು ನಾನು ಚಳಿಗಾಲದ ಟೈರಿನ ಪಕ್ಷಕ್ಕೆ ಸೇರಿದೆ.

ಆದರೆ ನಾಲ್ಕು ಟೈರು ಬದಲಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಹಿಂದಿನ ಎರಡು ಗಾಲಿಗಳಲ್ಲಿ ಇನ್ನೂ ಅರ್ಧದಷ್ಟು ಜೀವವಿತ್ತು. ಸತ್ತ ಟೈರಿಗೆ ಜೀವ ಕೊಡುವುದನ್ನೇ ಕಸುಬಾಗಿ ಮಾಡಿದವನು ಜೀವವಿರುವ ಟೈರನ್ನು ಕಸಕ್ಕೆ ಹೇಗೆ ಹಾಕಲಿ? ಎರಡು ಹೊಸದು ಸಾಕು. ಅವು ಮುಂದಿನ ಗಾಲಿಗೆ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಮ್ಮ ಕಾರ್ಖಾನೆಗೆ ಬರುತ್ತಿದ್ದ ಪ್ರತಿಯೊಂದು ಬಸ್ಸಿಗೂ ಒಂದೇ ನಿಯಮ: ಹೊಸ ಟೈರು ಮುಂದೆ, ಬೇಯಿಸಿದ ಟೈರು ಹಿಂದೆ. ಮುಂದಿನದು ಸಿಡಿದರೆ ಸ್ಟೇರಿಂಗು ಕೈಬಿಡುತ್ತದೆ, ಐವತ್ತು ಜನ ಹಳ್ಳಕ್ಕೆ ಹೋಗುತ್ತಾರೆ. ಈ ನಿಯಮವನ್ನು ಮೀರಿ ಒಂದು ಬಸ್ಸನ್ನೂ ನಾನು ಹೊರಗೆ ಬಿಟ್ಟವನಲ್ಲ.

ಟೈರ್ ಅಂಗಡಿಯ ಡೆಕ್ಲಾನ್ ಮಾತ್ರ ಒಪ್ಪದೆ ತಲೆಯಾಡಿಸಿದ. ಐವತ್ತರ ಆಸುಪಾಸಿನ, ಅಂಗೈಯಲ್ಲಿ ನನ್ನ ಅಂಗೈಯಲ್ಲಿರುವಂಥದೇ ಕಪ್ಪು ಗೆರೆಗಳಿರುವ ಮನುಷ್ಯ. ಇಂಗ್ಲಿಷಿನಲ್ಲಿ ನಡೆದ ಆ ಸಂಭಾಷಣೆಯ ಸಾರ ಇಷ್ಟು:

‘ಹೊಸದು ಎರಡೇ ಅಂದ್ರೆ ಹಿಂದೆ ಹಾಕ್ತೀನಿ ಸರ್. ಯಾವಾಗಲೂ ಹಿಂದೆ.’

‘ಏಕೆ?’

‘ಏಕೆ ಅಂದ್ರೆ... ಹಾಗೇ ಹಾಕೋದು.’

‘ಮುಂದಿನ ಗಾಲಿ ಎಳೆಯುತ್ತದೆ, ತಿರುಗಿಸುತ್ತದೆ, ಬ್ರೇಕಿನ ಭಾರವೂ ಅದರ ಮೇಲೇ. ಹಿಂದಿನದು ಸುಮ್ಮನೆ ಹಿಂಬಾಲಿಸುತ್ತದೆ. ಹಾಗಿರುವಾಗ ಹಿಂದೆ ಏಕೆ?’

ಅವನು ಗೋಡೆಯ ಕಡೆ ಬೆರಳು ತೋರಿಸಿದ. ಅಲ್ಲಿ ಟೈರ್ ಕಂಪನಿಯೊಂದರ ಚಿತ್ರಪಟ: ಹೊಸ ಟೈರಿನಿಂದ ಹಿಂದಿನ ಗಾಲಿಗೆ ಒಂದು ಹಸಿರು ಬಾಣ. ‘ಟ್ರೇನಿಂಗಲ್ಲಿ ಹೇಳಿಕೊಟ್ಟಿದ್ದಾರೆ. ಚಾರ್ಟಲ್ಲೂ ಇದೆ.’

ಬಾಣ! ನನಗೆ ಬಂದ ಸಿಟ್ಟು ಹೇಳತೀರದು. ಇಪ್ಪತ್ತು ವರ್ಷ ಟೈರು ಬಿಚ್ಚಿ ಹಾಕಿದ ಮನುಷ್ಯ ತನ್ನ ಕೈ ಏನು ಕಂಡಿದೆ ಎಂದು ಹೇಳದೆ ಗೋಡೆಯ ಮೇಲಿನ ಬಾಣವನ್ನು ಸಾಕ್ಷಿಗೆ ಕರೆಯುತ್ತಾನೆ. ಅವನು ಹೇಳಿದ್ದು ಸರಿ ಇತ್ತು. ಆದರೆ ಕಾರಣವಿಲ್ಲದೆ ಹೇಳಿದ ಸರಿ ಮಾತನ್ನು ತಪ್ಪು ಮಾತಿನಿಂದ ಬೇರ್ಪಡಿಸುವ ಸಾಧನ ಕೇಳುವವನ ಬಳಿ ಇರುವುದಿಲ್ಲ. ಇದನ್ನು ನಾನು ಇಂದಿಗೂ ಡೆಕ್ಲಾನನ ಮೇಲಿನ ದೂರಾಗಿಯೇ ಉಳಿಸಿಕೊಂಡಿದ್ದೇನೆ.

‘ಹಾಗಾದರೆ ಎರಡು ಹೊಸ ಟೈರನ್ನೂ ರಿಮ್ಮಿಗೆ ಏರಿಸಿ ಕೊಡು. ಮುಂದೋ ಹಿಂದೋ ನಾನೇ ಪರೀಕ್ಷಿಸಿ ನೋಡುತ್ತೇನೆ’ ಎಂದೆ.

ನವೆಂಬರಿನ ಕೊನೆಯ ಒಂದು ಭಾನುವಾರ, ಶಾಪಿಂಗ್ ಸೆಂಟರು ತೆರೆಯುವ ಮುನ್ನ, ಅದರ ಖಾಲಿ ಕಾರ್ ಪಾರ್ಕಿನಲ್ಲಿ ಬಿಳಿಯ ಹಿಮ ಕಟ್ಟಿತ್ತು. ನಾನು ಚಾಲಕ, ಅಳಿಯ ಅಳತೆಗಾರ. ಬಟ್ಟೆ ಒಣಹಾಕುವ ಹಗ್ಗಕ್ಕೆ ಗಜಕ್ಕೊಂದು ಗಂಟು ಹಾಕಿಕೊಂಡು ಹೋಗಿದ್ದೆವು. ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಬಂದು, ಬಿಳಿ ಗೆರೆ ಮುಟ್ಟಿದೊಡನೆ ಬ್ರೇಕು ಒತ್ತುವುದು. ನಿಂತ ಜಾಗದವರೆಗೆ ಗಂಟು ಎಣಿಸುವುದು. ಹೊಸ ಟೈರು ಹಿಂದೆ ಇದ್ದಾಗ ಐದು ಸಲ. ಆಮೇಲೆ ಜ್ಯಾಕು ಏರಿಸಿ, ನಾಲ್ಕೂ ಗಾಲಿ ಅದಲುಬದಲು ಮಾಡಿ, ಹೊಸದು ಮುಂದೆ ಇದ್ದಾಗ ಐದು ಸಲ.

‘ಮಾವ, ಕೈ ಮರಗಟ್ತಾ ಇದೆ. ಮೂರು ಸಾಕಲ್ವಾ?’

‘ಒಂದ್ ಸಲ ಆಗೂದು ಅದೃಷ್ಟ, ಎರಡ್ ಸಲ ಆಗೂದು ಆಕಸ್ಮಿಕ. ಐದ್ ಸಲ ಆಗಬೇಕು. ಗಂಟು ಎಣಸು.’

‘ಇಂಜಿನಿಯರಿಂಗಲ್ಲೂ ನಂಗೆ ಇಷ್ಟು ಲ್ಯಾಬ್ ಇರ್ಲಿಲ್ಲ.’

ಹಳದಿ ಜಾಕೀಟಿನ ಕಾವಲುಗಾರನೊಬ್ಬ ಬಂದು, ಏನಾದರೂ ಕಳೆದುಕೊಂಡಿದ್ದೀರಾ ಎಂದು ಕೇಳಿದ. ಅಳಿಯ ವಿವರಿಸಿದ. ಕಾವಲುಗಾರ ಹೋಗಲಿಲ್ಲ, ಕೈಕಟ್ಟಿ ನಿಂತು ನೋಡಿ, ಟೈರಿನ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆಂದು ತನ್ನ ಚಿಕ್ಕಪ್ಪ ಹೇಳುತ್ತಿದ್ದ ಎಂದ. ಈ ಭೂಮಿಯ ಮೇಲೆ ಚಿಕ್ಕಪ್ಪನಿಲ್ಲದ ಒಬ್ಬ ಚಾಲಕ ಇದ್ದಾನೆಯೇ ಎಂದು ನನಗೆ ಅನಿಸಿತು.

ಫಲಿತಾಂಶ ಸ್ಪಷ್ಟವಿತ್ತು. ಹೊಸ ಟೈರು ಮುಂದೆ ಇದ್ದಾಗ ಕಾರು ಪ್ರತಿಸಲವೂ ನಾಲ್ಕು ಗಂಟಿನಷ್ಟು ಮೊದಲೇ ನಿಂತಿತು. ಐದಕ್ಕೆ ಐದು. ನಾನು ಆ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಟೈರುಗಳು ಮುಂದೆಯೇ ಉಳಿದವು. ಸಂಜೆ ರೇಷ್ಮಾಳಿಗೆ ಹೇಳಿದೆ: ‘ಇನ್ನ ನೀ ನಿಶ್ಚಿಂತಿಯಿಂದ ಹೋಗು. ಇದು ಯಾರೋ ಹೇಳಿದ್ದಲ್ಲ, ನಾ ಕಂಡಿದ್ದು.’

ಅವಳು ದಣಿದಿದ್ದಳು. ‘ಸರಿ ಅಪ್ಪಾ. ನೀವು ಹೇಳಿದ್ಮೇಲೆ ಮುಗೀತು’ ಎಂದಳು.

ಡಿಸೆಂಬರಿನ ಮೊದಲ ದಿನಗಳಲ್ಲೇ ನನಗೆ ಎದೆಗೆ ಕಫ ಕಟ್ಟಿತು. ನರ್ಸಾದ ಮಗಳು ಮನೆಯಲ್ಲಿದ್ದರೆ ಕಾಯಿಲೆಯವನಿಗೆ ಸ್ವಾತಂತ್ರ್ಯವಿರುವುದಿಲ್ಲ: ಚಳಿಗಾಳಿಗೆ ಹೊರಗೆ ಹೆಜ್ಜೆ ಇಡಕೂಡದು, ಕಾರಿನ ಹತ್ತಿರ ಹೋಗಕೂಡದು. ನಾಲ್ಕು ವಾರ ನಾನು ಕಿಟಕಿಯ ಬಳಿ ಶಾಲು ಹೊದ್ದು ಕುಳಿತೆ. ಕುಳಿತಲ್ಲಿಂದಲೇ ಫೋನಿನಲ್ಲಿ, ಗುಂಪಿನಲ್ಲಿ, ಮನೆಗೆ ಬಂದವರಲ್ಲಿ ನನ್ನ ಪರೀಕ್ಷೆಯ ಫಲಿತಾಂಶವನ್ನು ಸಾರಿದೆ. ಬ್ರೀಡಳಿಗೂ ಹೇಳಿದೆ. ನಾನು ಹೀಗೆ ಹೇಳುವಾಗಲೆಲ್ಲ ಅಳಿಯ ಎದ್ದು ಚಹಾ ಮಾಡಲು ಹೋಗುತ್ತಿದ್ದ. ಅವನು ಅಷ್ಟೊಂದು ಸಲ ಚಹಾ ಮಾಡುವವನಲ್ಲ, ನಾನು ಗಮನಿಸಬೇಕಿತ್ತು.

ಜನವರಿಯ ಒಂದು ಒಣ ಮಧ್ಯಾಹ್ನ, ಕೆಮ್ಮು ಇಳಿದ ಮೇಲೆ, ಹೊರಗೆ ಹೋಗಿ ಕಾರಿನ ಪಕ್ಕ ಮಂಡಿಯೂರಿದೆ. ಟೈರಿನ ಸಂದಿಗಳಲ್ಲಿ ಸಿಕ್ಕಿದ ಕಲ್ಲುಗಳನ್ನು ಆರಿಸುವುದು ನನ್ನ ಹಳೆಯ ರೂಢಿ. ಮುಂದಿನ ಗಾಲಿಯನ್ನು ಅಂಗೈಯಿಂದ ಸವರಿದೆ. ಚಳಿಗಾಲದ ಟೈರಿನ ಮೈಯಲ್ಲಿ ಕೂದಲೆಳೆಯಂಥ ಸಣ್ಣ ಸೀಳುಗಳಿರುತ್ತವೆ. ಅಲ್ಲಿ ಅವು ಇರಲಿಲ್ಲ. ಹಿಂದಕ್ಕೆ ಹೋಗಿ ಸವರಿದೆ. ಅಲ್ಲಿದ್ದವು. ಎಡಗಡೆಯ ಒಂದು ರಿಮ್ಮಿನ ಅಂಚು ಕಲ್ಲಿಗೆ ಬಡಿದಂತೆ ಒಳಗೆ ಬಾಗಿತ್ತು, ಯಾರೋ ಸುತ್ತಿಗೆಯಿಂದ ನೇರ ಮಾಡಿದ ಗುರುತಿತ್ತು.

ರೇಷ್ಮಾ ಪಾಳಿ ಮುಗಿಸಿ ಮಲಗಿ ಎದ್ದಿದ್ದಳು. ಅಡುಗೆಮನೆಯಲ್ಲಿ ಕೂದಲು ಬಾಚಿಕೊಳ್ಳುತ್ತಿದ್ದಳು. ಹೊಸ ಟೈರು ಹಿಂದಕ್ಕೆ ಹೇಗೆ ಹೋದವೆಂದು ನಾನು ಕೇಳಿದೆ. ಅವಳು ಬಾಚಣಿಗೆ ಕೆಳಗಿಟ್ಟು ಗಂಡನನ್ನು ನೋಡಿದಳು. ಅವನು ಕೆಟಲಿನ ಕಡೆ ಹೊರಟ.

‘ಇಮ್ತಿಯಾಜ್, ಚಾ ಬ್ಯಾಡ. ಕೂಡು’ ಎಂದೆ.

ಡಿಸೆಂಬರಿನ ಎರಡನೆಯ ವಾರ, ಆಸ್ಪತ್ರೆಗೆ ಹೋಗುವ ಹೊತ್ತು. ಬಡಾವಣೆಯಿಂದ ಹೊರಬಿದ್ದ ಮೇಲಿನ ಮೊದಲ ವೃತ್ತ. ಉಪ್ಪಿನ ಲಾರಿ ಹೆದ್ದಾರಿಗೆ ಉಪ್ಪು ಚೆಲ್ಲುತ್ತದೆ, ಆ ರಸ್ತೆಗೆ ಚೆಲ್ಲುವುದಿಲ್ಲ. ಡಾಂಬರಿನ ಮೇಲೆ ಕಣ್ಣಿಗೆ ಕಾಣದ ಹಿಮದ ಪೊರೆ. ಅವಳು ನಿಧಾನವಾಗಿಯೇ ತಿರುಗಿಸಿದ್ದಳು. ಮುಂದಿನ ಗಾಲಿಗಳು ತಿರುಗಿಸಿದ ಕಡೆಗೆ ಒಪ್ಪವಾಗಿ ಹೋದವು. ಹಿಂದಿನವು ಅವುಗಳ ಜೊತೆ ಹೋಗಲಿಲ್ಲ. ಕಾರು ತನ್ನ ಬೆನ್ನನ್ನು ಬೀಸಿ, ಗರಗರ ತಿರುಗಿ, ವೃತ್ತದ ಕಟ್ಟೆಗೆ ಬಡಿದು, ಬಂದ ದಾರಿಗೆ ಮುಖಮಾಡಿ ನಿಂತಿತು. ಹಿಂದಿನಿಂದ ಬರುತ್ತಿದ್ದ ವ್ಯಾನಿನವನು ಹೇಗೋ ತಪ್ಪಿಸಿಕೊಂಡು ಹೋದ. ಆಮೇಲೆ ಅವಳು ಕಾರನ್ನು ಮೆಲ್ಲಗೆ ಡೆಕ್ಲಾನನ ಅಂಗಡಿಯ ಮುಂದೆ ಬಿಟ್ಟು, ಬಸ್ಸು ಹಿಡಿದು ಪಾಳಿಗೆ ಹೋಗಿದ್ದಳು. ಡೆಕ್ಲಾನ್ ಬಾಗಿದ ರಿಮ್ಮನ್ನು ಬಡಿದು ನೇರ ಮಾಡಿ, ಹೊಸ ಟೈರುಗಳನ್ನು ಹಿಂದೆ ಹಾಕಿ ಕೊಟ್ಟಿದ್ದ.

ಇಷ್ಟನ್ನು ಅವಳು ವರದಿ ಓದುವಂತೆ ಹೇಳಿದಳು. ನಾನು ಕೇಳಿದ ಪ್ರಶ್ನೆಗಳು ನನಗೆ ಇಂದಿಗೂ ಕ್ರಮವಾಗಿ ನೆನಪಿವೆ. ವೇಗ ಎಷ್ಟಿತ್ತು? ಯಾವ ಗೇರು? ಬ್ರೇಕು ಒತ್ತಿದೆಯಾ? ಹಿಂದಿನ ಟೈರಿನ ಗಾಳಿ ಎಷ್ಟಿತ್ತು? ಸ್ಟೇರಿಂಗು ಎಷ್ಟು ತಿರುಗಿಸಿದೆ?

‘ಬ್ರೇಕ್ ಒತ್ತಲಿಲ್ಲ ಅಪ್ಪಾ.’

‘ಒತ್ತಿರತಿ. ಗಾಬರ್‍ಯಾಗ ಗೊತ್ತಾಗೂದಿಲ್ಲ.’

‘ಒತ್ತಿಲ್ಲ ಅಂತ ಹೇಳ್ತಿದ್ದೀನಲ್ಲ.’

‘ಮತ್ತ ನನಗ ಯಾಕ ಹೇಳಲಿಲ್ಲ? ಒಂದ್ ತಿಂಗಳಿಂದ ನಾ ಮಂದಿಗೆಲ್ಲಾ ಮುಂದ ಹಾಕ್ಸಿರಿ ಅಂತ ಹೇಳಾಕತ್ತೇನಿ. ಯಾರರ ನನ್ನ ಮಾತ್ ಕೇಳಿ ಹಾಕ್ಸಿದ್ರ?’

‘ಮಾವ, ಆ ಭಯ ಬೇಡ’ ಎಂದ ಇಮ್ತಿಯಾಜ್. ‘ಗುಂಪಲ್ಲಿ ನಿಮ್ಮ ಮಾತು ಯಾರೂ ಕೇಳಿಲ್ಲ. ಒಬ್ರೂ ಟೈರೇ ಬದಲಾಯ್ಸಿಲ್ಲ. ನಿಮಗೆ ಬೇಜಾರಾಗ್ಬಾರ್ದು ಅಂತ ನಾವು ಹೇಳ್ಲಿಲ್ಲ ಅಷ್ಟೆ.’

‘ಬ್ಯಾಸರ ಅಲ್ಲ’ ಎಂದಳು ರೇಷ್ಮಾ. ಸಿಟ್ಟು ಬಂದಾಗ ಅವಳ ಮಾತು ಬೆಂಗಳೂರನ್ನು ಬಿಟ್ಟು ಹುಬ್ಬಳ್ಳಿಗೆ ಮರಳುತ್ತದೆ. ‘ಹೇಳಿದ್ರ ನೀವ್ ನಂಬ್ತಿರಲಿಲ್ಲ. ಬ್ರೇಕ್ ಒತ್ತಿರತಿ ಅಂತಿದ್ರಿ. ಮತ್ತ ಮುಂದನ ಹಾಕ್ಸಿ ಕಳಸ್ತಿದ್ರಿ. ನಾ ಅದ ರಸ್ತೆದಾಗ ಮರುದಿನಾನೂ ಹೋಗಬೇಕಿತ್ತಪಾ.’

ಆ ಬ್ರೇಕಿನ ವಾಕ್ಯವನ್ನು ನಾನು ಅರ್ಧ ನಿಮಿಷದ ಹಿಂದೆ, ಶಬ್ದಕ್ಕೆ ಶಬ್ದ, ಆಡಿಯಾಗಿತ್ತು. ಆದರೂ ಸೋಲೊಪ್ಪುವ ಜಾಯಮಾನ ನನ್ನದಲ್ಲ. ನೋಟ್‌ಬುಕ್ಕು ತಂದು, ಐದಕ್ಕೆ ಐದು ಎಂಬ ಅಂಕಿಗಳನ್ನು ಅವಳ ಮುಂದಿಟ್ಟೆ. ಅವಳು ಅದನ್ನು ತಿರುಗಿಸಿ ನನ್ನ ಕಡೆಗೇ ದೂಡಿದಳು. ‘ಇದ್ರಾಗ ತಿರುವು ಎಲ್ಲೈತಿ?’

ಇರಲಿಲ್ಲ. ಹತ್ತು ಸಲ ಓಡಿಸಿದ್ದೆ, ಹತ್ತೂ ಸಲ ನೇರ ಗೆರೆಯಲ್ಲಿ. ಕಾರ್ಖಾನೆಯ ಅಂಗಳದಲ್ಲಿ ಬಸ್ಸನ್ನು ಪರೀಕ್ಷಿಸುತ್ತಿದ್ದದ್ದು ಹಾಗೆಯೇ: ನೇರ ಓಡಿಸು, ನೇರ ನಿಲ್ಲಿಸು. ಹೊಸದು ಮುಂದೆ ಎಂಬ ನಿಯಮವನ್ನು ನಾನು ಕಂಡುಹಿಡಿದದ್ದೂ ಅಲ್ಲ; ಕೆಲಸಕ್ಕೆ ಸೇರಿದ ದಿನ ಮೇಸ್ತ್ರಿ ಹೇಳಿಕೊಟ್ಟದ್ದು. ಡೆಕ್ಲಾನನಿಗೆ ಬಾಣವಿದ್ದಂತೆ ನನಗೆ ಮೇಸ್ತ್ರಿ ಇದ್ದ. ನಲವತ್ತು ವರ್ಷ ನಾನು ಎಲ್ಲರನ್ನೂ ‘ನೋಡಿದ್ದೀರಾ, ಕೇಳಿದ್ದೀರಾ’ ಎಂದು ಪೀಡಿಸಿದವನು, ಆ ಪ್ರಶ್ನೆಯನ್ನು ಆ ಮೇಸ್ತ್ರಿಗೆ ಒಮ್ಮೆಯೂ ಹಾಕಿರಲಿಲ್ಲ. ನನಗೆ ಮೊದಲೇ ಗೊತ್ತಿದ್ದ ಉತ್ತರವನ್ನು ಹಗ್ಗದಿಂದ ಅಳೆದು ಬಂದಿದ್ದೆ.

ಇದು ಬುದ್ಧಿಗೆ ತಿಳಿದರೂ ಮೈ ಒಪ್ಪಲಿಲ್ಲ. ಮುಂದಿನ ಭಾನುವಾರ ಮತ್ತೆ ಹಿಮ ಕಟ್ಟಿತು. ‘ನಾ ಒಮ್ಮೆ ನೋಡಬೇಕು’ ಎಂದೆ. ರೇಷ್ಮಾಳಿಗೆ ರಜೆ; ಅವಳು ಹಾಸಿಗೆಯಿಂದಲೇ ಒಂದು ದೀರ್ಘವಾದ ‘ಅಪ್ಪಾ...’ ಎಳೆದಳು. ಆದರೂ ಎದ್ದು ಬಂದಳು. ನಾನು ಟೈರುಗಳನ್ನು ಮತ್ತೆ ಮುಂದೆ ಹಾಕಿದೆ. ಅದೇ ಖಾಲಿ ಕಾರ್ ಪಾರ್ಕು. ನಾನು ಸ್ಟೇರಿಂಗಿನ ಮುಂದೆ, ಅವಳು ಪಕ್ಕದಲ್ಲಿ, ತೋಳಿಲ್ಲದ ಕೋಟಿನ ಮೇಲೆ ನನ್ನ ಶಾಲು ಹೊದ್ದುಕೊಂಡು.

ಮೂವತ್ತರ ವೇಗವನ್ನೂ ಮುಟ್ಟಿರಲಿಲ್ಲ. ಬ್ರೇಕಿನಿಂದ ಕಾಲನ್ನು ಬೇಕೆಂದೇ ದೂರ ಇಟ್ಟುಕೊಂಡು, ಒಂದು ವೃತ್ತವನ್ನು ಸುತ್ತುವಷ್ಟು ಮಾತ್ರ ತಿರುಗಿಸಿದೆ. ಕಾರಿನ ಮೂತಿ ಹೇಳಿದ ಮಾತು ಕೇಳಿತು. ಆಮೇಲೆ ನನ್ನ ಬೆನ್ನ ಹಿಂದೆ ಏನೋ ಹಗುರಾಯಿತು. ಸದ್ದಿರಲಿಲ್ಲ. ಅಂಗಡಿಗಳ ಸಾಲು ಕಿಟಕಿಯಲ್ಲಿ ಎಡದಿಂದ ಬಲಕ್ಕೆ ಹರಿದುಹೋಯಿತು, ದೀಪದ ಕಂಬಗಳು ಹರಿದುಹೋದವು, ನನ್ನ ಕೈಗಳು ಸ್ಟೇರಿಂಗನ್ನು ಹಿಡಿದಿದ್ದವು. ಆ ಸ್ಟೇರಿಂಗಿಗೂ ಕಾರಿಗೂ ಯಾವ ಸಂಬಂಧವೂ ಉಳಿದಿರಲಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ, ಎಣಿಸುವುದನ್ನು ಮರೆತಿದ್ದೆ. ಕಾರು ನಿಂತಾಗ ನಾವು ಬಂದ ಗಾಲಿಗುರುತುಗಳನ್ನೇ ಎದುರು ನೋಡುತ್ತ ಕುಳಿತಿದ್ದೆವು.

ಅಲ್ಲಿ ಗೋಡೆಯಿರಲಿಲ್ಲ, ಕಟ್ಟೆಯಿರಲಿಲ್ಲ, ಹಿಂದಿನಿಂದ ಬರುವ ವ್ಯಾನಿರಲಿಲ್ಲ. ಬೆಳಕು ಹರಿದಿತ್ತು. ಪಕ್ಕದಲ್ಲಿ ಮಗಳಿದ್ದಳು. ಇಷ್ಟೆಲ್ಲ ಇದ್ದೂ ನಾನು ಸ್ಟೇರಿಂಗನ್ನು ಬಿಡದೆ ಹಿಡಿದೇ ಕುಳಿತಿದ್ದೆ. ಅವಳಿಗೆ ಇದು ಕತ್ತಲಲ್ಲಿ, ಒಬ್ಬಳಿಗೇ ಆಗಿತ್ತು; ಆಮೇಲೆ ಬಸ್ಸು ಹಿಡಿದು ಹೋಗಿ ಹನ್ನೆರಡು ತಾಸು ಇತರರ ನಾಡಿ ಹಿಡಿದಿದ್ದಳು.

‘ಬ್ರೇಕ್ ಒತ್ತಿದ್ರೇನು?’ ಎಂದು ಅವಳು ಕೇಳಿದಳು. ವ್ಯಂಗ್ಯವಿತ್ತು, ಆದರೆ ಕಡಿಮೆ.

‘ಇಲ್ಲ.’

ಎಂಜಿನ್ನು ನಿಲ್ಲಿಸಿದೆ. ಆಗ ನನಗೆ ಹೊಳೆಯಿತು, ಆ ಮಧ್ಯಾಹ್ನ ಅಡುಗೆಮನೆಯಲ್ಲಿ ನಾನು ಕೇಳಿದ ಅಷ್ಟೂ ಪ್ರಶ್ನೆಗಳಲ್ಲಿ ಒಂದು ಪ್ರಶ್ನೆ ಇರಲಿಲ್ಲವೆಂದು. ತಡವಾಗಿತ್ತು, ಆದರೂ ಕೇಳಿದೆ.

‘ನಿನಗ ಪೆಟ್ಟಾಗಿತ್ತೇನವಾ?’

ರೇಷ್ಮಾ ಶಾಲಿನೊಳಗಿಂದ ಬಲಗೈ ಹೊರತೆಗೆದು ಮಣಿಕಟ್ಟನ್ನು ಒಮ್ಮೆ ತಿರುಗಿಸಿದಳು.

‘ಕಟ್ಟೆಗೆ ಬಡದಾಗ ಇದು ಸ್ಟೇರಿಂಗಿಗೆ ಸಿಕ್ಕಿ ಉಳುಕಿತ್ತು. ಎರಡು ವಾರ ಲಟ್ಟಣಗಿ ಹಿಡಿಯಾಕ ಆಗ್ತಿರಲಿಲ್ಲ. ಅದಕ್ಕ ಅಂಗಡಿ ಚಪಾತಿ ತರ್ತಿದ್ವಿ. ನೀವ್ ತಿಂದು, ಇದೇನ್ ಚಪಾತಿ, ಇದು ರಬ್ಬರು ಅಂತ ತಾಟು ಸರಸಿದ್ರಿ. ನೆನಪೈತೇನು?’

ನೆನಪಿತ್ತು. ಅಷ್ಟೇ ಅಲ್ಲ, ಅದು ಯಾವ ದರ್ಜೆಯ ರಬ್ಬರು ಎಂಬುದನ್ನೂ ಅಂದು ನಾನು ವಿವರಿಸಿದ್ದೆ. ಅವಳು ಎಡಗೈಯಿಂದ ನೀರು ಬಡಿಸುತ್ತ ನಿಂತು ಕೇಳಿಸಿಕೊಂಡಿದ್ದಳು.